ಸೆರೆಯಲ್ಲಿಟ್ಟ ಧಾನ್ಯ

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ನಾವೆಲ್ಲ ಜಾತಿಯ ಕಥೆಯಾಗಿ ಓದಿದವರು. ಲಂಕೆಯಿಂದ ಮರಳುವ ರಾಮ ಋಷಿಗಳ ಆಶ್ರಮದಲ್ಲಿ ತಂಗಿದಾಗ ಧಾನ್ಯಗಳ ಮಾತು ಬರುತ್ತದೆ. ಯಾವುದು ಹೆಚ್ಚು? ಅಕ್ಕಿ ತನ್ನ ಕುಲ ಹೇಳಿಕೊಳ್ಳುತ್ತದೆ, ಪೂಜೆಯಲ್ಲಿ ತನಗಿರುವ ಜಾಗ ಹೇಳಿಕೊಳ್ಳುತ್ತದೆ. ರಾಗಿ ಸುಮ್ಮನಿರುವುದಿಲ್ಲ. ಉಳ್ಳವರ ಮನೆ ಹುಡುಕಿಕೊಂಡು ಹೋಗುವ ನೀನು ಬಡವರ ಬರಗಾಲಕ್ಕೆ ಎಲ್ಲಿರುತ್ತೀಯ ಎಂದು ತಿರುಗಿ ಬೀಳುತ್ತದೆ. ಜಗಳ ಮಾತಿನಲ್ಲಿ ತೀರುವುದಿಲ್ಲ. ಆಗ ರಾಮ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ಬಾಗಿಲು ತೆಗೆದಾಗ ಅಕ್ಕಿ ಕೆಟ್ಟಿದೆ, ರಾಗಿ ಇದ್ದ ಹಾಗೇ ಇದೆ. ರಾಘವನ ಹೆಸರು ರಾಗಿಗೆ ಸಲ್ಲುತ್ತದೆ.

ಈ ಸಲ ಕಾಗಿನೆಲೆಗೆ ಹೋದಾಗ ಆದಿಕೇಶವನ ಗುಡಿಯ ಹತ್ತಿರ ಕೂತು ನನಗೆ ತಲೆಯಲ್ಲಿ ಸುತ್ತಿದ್ದು ಜಗಳವಲ್ಲ, ಸೆರೆಮನೆ. ಇಬ್ಬರ ವಾದ ಕೇಳಿದ ನ್ಯಾಯಾಧೀಶ ತನ್ನ ಬುದ್ಧಿಯಿಂದ ತೀರ್ಪು ಕೊಡದೆ, ಕಾಲದ ಕೈಗೆ ಒಪ್ಪಿಸಿ ಎದ್ದು ಹೋಗುತ್ತಾನಲ್ಲ, ಅದು. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಹಿಂದೆ ಜೋಳವನ್ನು ಹಗೇವಿಗೆ ಹಾಕಿ ಮಣ್ಣು ಮುಚ್ಚುತ್ತಿದ್ದರು. ಬಾಯಿ ತೆರೆಯುವ ದಿನದವರೆಗೆ ಒಳಗಿನ ಕಾಳಿನ ಗತಿ ಏನು ಎಂಬುದು ಮನೆಯ ಯಜಮಾನನಿಗೂ ಗೊತ್ತಿರುತ್ತಿರಲಿಲ್ಲ. ಬಾಳಿಕೆ ಎನ್ನುವ ಗುಣವೇ ಅಂಥದು. ಬಣ್ಣ ನೋಡಿ ಹೇಳಬಹುದು, ತೂಕ ನೋಡಿ ಹೇಳಬಹುದು, ಬಾಳಿಕೆಯನ್ನು ಮಾತ್ರ ಬಾಳಿಯೇ ತಿಳಿಯಬೇಕು.

ಕಥೆಯಲ್ಲಿ ಕೆಟ್ಟದ್ದು ಒಂದಿಷ್ಟು ಅಕ್ಕಿ. ಅದರಿಂದ ಯಾರಿಗೂ ಹಾನಿಯಾಗಲಿಲ್ಲ. ಆದರೆ ಹೃದಯದೊಳಗೆ ಇಡಲೆಂದೇ ಮಾಡಿದ ವಸ್ತುಗಳಿವೆ: ಕವಾಟ, ಸ್ಟೆಂಟ್, ಪೇಸ್‌ಮೇಕರ್. ಅವುಗಳ ಸೆರೆಮನೆ ಯಾವುದು? ಮನುಷ್ಯನ ಎದೆಯೇ. ಆರು ತಿಂಗಳ ನಂತರ ಬಾಗಿಲು ತೆಗೆದು ನೋಡುವ ಹೊತ್ತಿಗೆ ವಸ್ತು ಕೆಟ್ಟಿದ್ದರೆ ಜೊತೆಗೆ ಇನ್ನೂ ಏನೋ ಹೋಗಿರುತ್ತದೆ. ಕೆಲವು ವರ್ಷಗಳಿಂದ ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಇದು. ಕಾರಣ ಮುಂದೆ ಹೇಳುತ್ತೇನೆ.

ಮೊದಲು ಒಂದು ಒಳ್ಳೆಯ ಸೆರೆಮನೆಯ ಕಥೆ. ಎಪ್ಪತ್ತರ ದಶಕದ ಕೊನೆಯಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಹೃದಯ ಶಸ್ತ್ರವೈದ್ಯ ಎಂ.ಎಸ್. ವಲಿಯತ್ತಾನ್ ಮತ್ತು ಅವರ ಜೊತೆಗಾರರು ನಮ್ಮದೇ ಒಂದು ಹೃದಯ ಕವಾಟ ಮಾಡಲು ಹೊರಟರು. ಅದು ಬೇಕಾಗಿತ್ತು. ಮಕ್ಕಳಲ್ಲಿ ಗಂಟಲು ನೋವಿನಿಂದ ಶುರುವಾಗಿ, ಕೀಲು ನೋವಿನ ಜ್ವರವಾಗಿ, ಕೊನೆಗೆ ಹೃದಯದ ಕವಾಟವನ್ನು ಹಾಳುಮಾಡುವ ರೋಗ ಬಡವರ ಕಾಯಿಲೆ. ಕಿಕ್ಕಿರಿದ ಮನೆಗಳಲ್ಲಿ ಹರಡುತ್ತದೆ, ಇಪ್ಪತ್ತು ಮೂವತ್ತರ ವಯಸ್ಸಿನವರನ್ನು ಹಿಡಿಯುತ್ತದೆ. ಹೊರದೇಶದ ಕವಾಟ ಕೊಳ್ಳುವ ಶಕ್ತಿ ಅವರಿಗಿಲ್ಲ.

ಮೊದಲ ಮಾದರಿಯಲ್ಲಿ ಬೆಸುಗೆ ಹಾಕಿದ ಕಡ್ಡಿ ಮುರಿಯಿತು. ಎರಡನೆಯದರಲ್ಲಿ ತಿರುಗುವ ಬಿಲ್ಲೆಗೆ ಕೃತಕ ನೀಲಮಣಿಯ ಹರಳು ಬಳಸಿದರು. ನೀಲ ಎಂದರೆ ವಜ್ರದ ನಂತರದ ಗಟ್ಟಿ, ಹೊಳಪು, ರಕ್ತ ಅಂಟದ ನುಣುಪು. ಆ ಗಟ್ಟಿತನಕ್ಕೆ ಸುತ್ತಲಿನ ಟೈಟಾನಿಯಂ ಚೌಕಟ್ಟೇ ಸವೆಯತೊಡಗಿತು. ಮೂರನೆಯದರಲ್ಲಿ ಚೌಕಟ್ಟನ್ನು ಇನ್ನೂ ಗಟ್ಟಿಯಾದ ಕೋಬಾಲ್ಟ್ ಮಿಶ್ರಲೋಹಕ್ಕೆ ಬದಲಿಸಿದರು, ಈ ಸಲ ನೀಲಮಣಿಯೇ ಒಡೆಯಿತು. ವರ್ಷಗಟ್ಟಲೆ ದುಡಿದದ್ದೆಲ್ಲ ಹೋಯಿತು. ನಾಲ್ಕನೆಯ ಸಲ ಬಿಲ್ಲೆಗೆ ತಂದದ್ದು ಪಾಲಿಎಥಿಲೀನ್. ನಮ್ಮ ಸಂತೆಯ ಚೀಲ, ನಳದ ಮುಂದೆ ಸಾಲಿಟ್ಟ ಕೊಡ ಇವೆಲ್ಲ ಹುಟ್ಟಿದ ಕುಲದ್ದೇ ಪ್ಲಾಸ್ಟಿಕ್, ಅಣುಗಳ ಸರಪಳಿ ಮಾತ್ರ ಬಹಳ ಉದ್ದ. ಚೌಕಟ್ಟನ್ನು ಬೆಸುಗೆಯೇ ಇಲ್ಲದಂತೆ ಒಂದೇ ಲೋಹದ ಗಟ್ಟಿಯಿಂದ ಕಡೆದು ತೆಗೆದರು. 1990ರ ಡಿಸೆಂಬರ್ 6ರಂದು ಮೊದಲ ಬಾರಿ ಅದನ್ನು ಒಬ್ಬ ರೋಗಿಗೆ ಜೋಡಿಸಿದರು. ಈವರೆಗೆ ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಆ ಕವಾಟ ಟಿಕ್ ಟಿಕ್ ಎಂದಿದೆ.

ನೀಲಮಣಿ ಸೋತಿತು, ಕೊಡದ ಪ್ಲಾಸ್ಟಿಕ್ ಗೆದ್ದಿತು. ಕನಕದಾಸರು ಕೇಳಿದ್ದರೆ ಮುಗುಳ್ನಗುತ್ತಿದ್ದರು ಎಂದುಕೊಳ್ಳುತ್ತೇನೆ. ವಲಿಯತ್ತಾನರು ಆಮೇಲೆ ನಮ್ಮ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, ಚರಕ ಸುಶ್ರುತರ ಮೇಲೆ ಪುಸ್ತಕ ಬರೆದರು, 2024ರ ಜುಲೈನಲ್ಲಿ ಅಲ್ಲೇ ತೀರಿಕೊಂಡರು. ಕರ್ನಾಟಕದಲ್ಲಿ ಅವರನ್ನು ನೆನೆಯಬೇಕಾದಷ್ಟು ನೆನೆದಿಲ್ಲ.

ಆ ಕಥೆಯೊಳಗೆ ಕುರಿಗಳೂ ಇವೆ. ಕವಾಟವನ್ನು ಮನುಷ್ಯನಿಗೆ ಹಾಕುವ ಮೊದಲು ಕುರಿಗೆ ಹಾಕಿ ನೋಡುವುದು ಲೋಕದ ರೂಢಿ. ಅದರ ಹೃದಯದ ಅಳತೆ ನಮ್ಮದಕ್ಕೆ ಹತ್ತಿರ. ಚಿತ್ರಾ ಕವಾಟವೂ ಆ ದಾರಿಯಲ್ಲೇ ಬಂತು. ಕುರಿ ಕಾಯುವವರ ಕುಲದ ಸಂತನ ಊರಲ್ಲಿ ಕೂತು ಇದನ್ನು ನೆನೆದಾಗ ಒಂದು ಗಳಿಗೆ ಮನಸ್ಸು ತಡೆಯುತ್ತದೆ. ಕುರಿಯನ್ನು ಕೇಳಿದವರಿಲ್ಲ. ಅದು ತಪ್ಪೇ ಎಂದರೆ, ನನ್ನ ಮನೆಯವರ ಹೃದಯದ ಮಾತು ಬಂದಾಗ ನಾನು ಕುರಿಯ ಪರ ನಿಲ್ಲಲಾರೆ. ಇಷ್ಟು ಮಾತ್ರ ಹೇಳಬಲ್ಲೆ: ಕಡ್ಡಿ ಮುರಿದದ್ದು, ಬಿಲ್ಲೆ ಒಡೆದದ್ದು ಎಲ್ಲವೂ ಮನುಷ್ಯನ ಎದೆಯ ಬಾಗಿಲಿಗೆ ಬರುವ ಮುಂಚೆ ನಡೆದುಹೋಯಿತು. ಹನ್ನೆರಡು ವರ್ಷ ಕಾಯುವ ಸಹನೆ ಮಾಡುವವರಲ್ಲಿತ್ತು.

ಎಲ್ಲರಲ್ಲೂ ಅದು ಇರುವುದಿಲ್ಲ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ, ವರ್ಷಕ್ಕೆ ಹತ್ತಿರ ಹತ್ತಿರ ನಾಲ್ಕು ಕೋಟಿ. ಲೋಹದ ಕವಾಟವನ್ನು ಯಂತ್ರದಲ್ಲಿಟ್ಟು 40 ಕೋಟಿ ಸಲ ತೆರೆದು ಮುಚ್ಚಿ ನೋಡಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ, ಅಂದರೆ ಹತ್ತು ವರ್ಷದ ಬದುಕು. ಯಂತ್ರಕ್ಕೆ ಅಷ್ಟು ವರ್ಷ ಬೇಕಿಲ್ಲ, ಹೃದಯಕ್ಕಿಂತ ಹಲವು ಪಟ್ಟು ವೇಗದಲ್ಲಿ ಬಡಿಸಿ ತಿಂಗಳುಗಳಲ್ಲಿ ಮುಗಿಸುತ್ತಾರೆ. ರಾಮನ ಆರು ತಿಂಗಳನ್ನು ಆರು ದಿನಕ್ಕೆ ಇಳಿಸಿದ ಹಾಗೆ. ಇದು ಮೋಸವಲ್ಲ, ಬೇರೆ ದಾರಿ ಇಲ್ಲ. ಆದರೆ ಯಂತ್ರಕ್ಕೆ ಜ್ವರ ಬರುವುದಿಲ್ಲ, ಅದು ಬಸ್ಸು ಹಿಡಿಯಲು ಓಡುವುದಿಲ್ಲ, ಬಸುರಾಗುವುದಿಲ್ಲ.

1979ರಿಂದ 1986ರವರೆಗೆ ಬ್ಯೋರ್ಕ್-ಶೈಲಿ ಎಂಬ ಕವಾಟದ ಹೊಸ ಮಾದರಿಯೊಂದು ಲೋಕದಾದ್ಯಂತ ಮಾರಾಟವಾಯಿತು. ಬಿಲ್ಲೆಯ ಆಕಾರ ಬದಲಿಸಿ ರಕ್ತ ಇನ್ನಷ್ಟು ಸಲೀಸಾಗಿ ಹರಿಯುವಂತೆ ಮಾಡಿದ್ದರು. ಸುಮಾರು 86,000 ಜನರಿಗೆ ಹಾಕಿದರು. ಆಮೇಲೆ ಕಡ್ಡಿಯ ಬೆಸುಗೆ ಮುರಿಯತೊಡಗಿತು. ಶ್ರೀ ಚಿತ್ರಾದ ಬೆಸುಗೆ ಪರೀಕ್ಷೆಯಲ್ಲೇ ಮುರಿದಿತ್ತು, ಇದು ಜನರ ಎದೆಯಲ್ಲಿ. ಆರುನೂರಕ್ಕೂ ಹೆಚ್ಚು ಮುರಿತಗಳು ದಾಖಲಾದವು, ಮುರಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಸತ್ತರು. 1990ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಈ ಬಗ್ಗೆ ತಂದ ವರದಿಯ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಕಲಿಯುತ್ತ ಗಳಿಸು’.

ಆದರೆ ನನ್ನನ್ನು ಹಿಡಿದದ್ದು ಉಳಿದ ಸಾವಿರಾರು ಜನ. ಅವರ ಕವಾಟ ಮುರಿದಿಲ್ಲ, ಮುರಿಯದೆಯೂ ಇರಬಹುದು. ತೆಗೆಸೋಣ ಎಂದರೆ ಮತ್ತೆ ಎದೆ ತೆರೆಯಬೇಕು, ಬಹುಪಾಲು ಜನರಿಗೆ ಆ ಶಸ್ತ್ರಚಿಕಿತ್ಸೆಯ ಅಪಾಯವೇ ಮುರಿತದ ಅಪಾಯಕ್ಕಿಂತ ಹೆಚ್ಚು. ಹಾಗಿದ್ದರೆ ಅವರಿಗೆ ಹೇಳಬೇಕೆ? ಹೇಳಿದರೆ ರಾತ್ರಿ ನಿದ್ದೆ ಹೋಗುತ್ತದೆ, ಎದೆಯ ಪ್ರತಿ ಟಿಕ್ಕಿಗೂ ಕಿವಿ ಕೊಟ್ಟು ಕೂರುತ್ತಾರೆ. ಹೇಳದಿದ್ದರೆ ನೆಮ್ಮದಿಯಾಗಿರುತ್ತಾರೆ, ಆದರೆ ತಮ್ಮ ಎದೆಯ ಬಗ್ಗೆ ತಮಗೆ ಗೊತ್ತಿಲ್ಲದ್ದು ಊರಿಗೆಲ್ಲ ಗೊತ್ತಿರುವ ಮನುಷ್ಯರಾಗಿ.

ಇದು ನನಗೆ ಪುಸ್ತಕದ ಪ್ರಶ್ನೆಯಾಗಿ ಬರಲಿಲ್ಲ. ರಾಣೆಬೆನ್ನೂರಿನಲ್ಲಿ ನನ್ನ ಸೋದರಮಾವ ಇದ್ದಾರೆ, ದಲಾಲಿ ಅಂಗಡಿ, ಗೋವಿನಜೋಳದ ವ್ಯಾಪಾರ. 2014ರ ಚಳಿಗಾಲದಲ್ಲಿ ಎದೆನೋವು ಬಂತು. ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದೆವು. ಒಂದು ರಕ್ತನಾಳ ಕಟ್ಟಿತ್ತು. ಆಪರೇಷನ್ ಕೋಣೆಯ ಹೊರಗೆ ಹಸಿರು ಅಂಗಿಯ ಹುಡುಗನೊಬ್ಬ ಬಂದು ಎರಡು ಬಣ್ಣದ ಹಾಳೆ ತೋರಿಸಿದ. ಒಂದು ಲೋಹದ್ದು, ಜೀವಮಾನ ಒಳಗೇ ಇರುತ್ತದೆ. ಇನ್ನೊಂದು ಕರಗುವಂಥದು, ಮೂರು ವರ್ಷದಲ್ಲಿ ತಾನೇ ಮಾಯವಾಗಿ ರಕ್ತನಾಳ ಮೊದಲಿನ ಹಾಗಾಗುತ್ತದೆ. ಬೆಲೆ ಒಂದೂವರೆ ಲಕ್ಷ ದಾಟುತ್ತಿತ್ತು. “ಹತ್ತು ನಿಮಿಷದಾಗ ಹೇಳ್ರಿ, ಡಾಕ್ಟರ್ ಕಾಯಾಕತ್ಯಾರ” ಅಂದ. ಮಾವನ ಮಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಎದೆಯಲ್ಲಿ ಲೋಹ ಉಳಿಯುವುದಕ್ಕಿಂತ ಉಳಿಯದಿರುವುದು ಒಳ್ಳೆಯದಲ್ಲವೆ? ಅಪ್ಪನಿಗೆ ದುಬಾರಿಯದನ್ನು ಬಿಟ್ಟು ಅಗ್ಗದ್ದು ಹಾಕಿಸಿದ ಎಂಬ ಮಾತು ನಾಳೆ ಯಾಕೆ? ಕರಗುವುದಕ್ಕೇ ಸಹಿ ಹಾಕಿದೆವು. ಅದು ಹೊಸದು, ಐದು ವರ್ಷದ ನಂತರ ಏನಾಗುತ್ತದೆ ಎಂಬುದು ಯಾರಿಗೂ ಇನ್ನೂ ಗೊತ್ತಿಲ್ಲ ಎಂಬ ಮಾತನ್ನು ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಕರಗುವ ಸ್ಟೆಂಟಿನ ಕಲ್ಪನೆ ಚೆಲುವಾದದ್ದೇ. ಮುರಿದ ಕಾಲಿಗೆ ಕಟ್ಟಿದ ಬಿದಿರ ಪಟ್ಟಿಯನ್ನು ಮೂಳೆ ಕೂಡಿದ ಮೇಲೆ ಬಿಚ್ಚುವ ಹಾಗೆ. ಅದನ್ನು ಮಾಡುವ ವಸ್ತು ಪಾಲಿಲ್ಯಾಕ್ಟಿಕ್ ಆಸಿಡ್, ಹಾಲು ಮೊಸರಾಗುವಾಗ ಹುಟ್ಟುವ ಆಮ್ಲವನ್ನೇ ಸರಪಳಿಯಾಗಿ ಪೋಣಿಸಿದ್ದು. ಈ ಆಮ್ಲವನ್ನು ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟವನ್ನೋ ಕಬ್ಬಿನ ಸಕ್ಕರೆಯನ್ನೋ ಹುದುಗಿಸಿ ತೆಗೆಯುತ್ತಾರೆ. ಎದೆಯೊಳಗೆ ಅದು ಕರಗುವುದು ತೇವದಿಂದ. ನೀರು ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ.

ತೊಡಕು ಇದ್ದದ್ದು ಗಟ್ಟಿತನದಲ್ಲಿ. ಲೋಹದಷ್ಟು ಗಟ್ಟಿ ಅಲ್ಲದ ಕಾರಣ ಎಳೆಗಳನ್ನು ದಪ್ಪ ಮಾಡಬೇಕಾಯಿತು. ‘ಅಬ್ಸಾರ್ಬ್’ ಎಂಬ ಹೆಸರಾಂತ ಕರಗುವ ಸ್ಟೆಂಟಿನ ಎಳೆ ಸುಮಾರು 150 ಮೈಕ್ರಾನ್, ಅದೇ ಕಾಲದ ಒಳ್ಳೆಯ ಲೋಹದ ಸ್ಟೆಂಟಿನದು 81. ದಪ್ಪ ಎಳೆಯ ಬದಿಯಲ್ಲಿ ರಕ್ತ ಸುಳಿದು ಹೆಪ್ಪುಗಟ್ಟುತ್ತದೆ. ಸರಿಯಾಗಿ ಗೋಡೆಗೆ ಅಂಟದೆ ಉಳಿದ ಎಳೆ, ಕರಗುವ ಹಂತದಲ್ಲಿ ಕಳಚಿ ರಕ್ತದ ಹರಿವಿನೊಳಗೆ ಚಾಚಬಹುದು. ಅಮೆರಿಕದಲ್ಲಿ 2016ರ ಜುಲೈನಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ನಮ್ಮಲ್ಲಿ ಅದಕ್ಕೂ ವರ್ಷಗಳ ಮುಂಚೆಯೇ ಜನ ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಿದ್ದರು. 2017ರಲ್ಲಿ ಲೆಕ್ಕಗಳು ಬಂದವು. ಸುಮಾರು 2,000 ರೋಗಿಗಳ ಒಂದು ಅಧ್ಯಯನದಲ್ಲಿ, ಮೂರು ವರ್ಷದೊಳಗೆ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಲೋಹದವರಲ್ಲಿ ಶೇ 0.7, ಕರಗುವವರಲ್ಲಿ ಶೇ 2.3. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದರ ಮಾರಾಟವೇ ನಿಂತಿತು. ಶೇ 2.3 ಎಂದರೆ ಸಾವಿರಕ್ಕೆ ಇಪ್ಪತ್ಮೂರು, ಏನು ಮಹಾ ಎನ್ನಬಹುದು. ಆ ಇಪ್ಪತ್ಮೂರರಲ್ಲಿ ಹದಿನಾರು ಜನ ಹಳೆಯದನ್ನೇ ಹಾಕಿಸಿಕೊಂಡಿದ್ದರೆ ಉಳಿಯುತ್ತಿದ್ದ ಕಷ್ಟ ಅದು.

ಮಾವನ ಎದೆಯಲ್ಲಿದ್ದದ್ದು ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ. ಅದೇ ಬಗೆಯದು ಎಂದರೆ ಸಾಕು. ಸುದ್ದಿ ಓದಿದ ದಿನ ಮಾವನ ಮಗನಿಗೆ ಫೋನ್ ಮಾಡಿದೆ. “ಹೇಳಿ ಏನ್ ಮಾಡೂದೈತಿ? ತಗಿಯಾಕಂತೂ ಬರಂಗಿಲ್ಲ. ಸುಮ್ನ ಅಂಜ್ತಾರ” ಅಂದ. ನನಗೂ ಹಾಗೇ ಅನ್ನಿಸಿತು. ಅಂಜಿಸಿ ಏನು ಸಾಧಿಸುವುದು? ಸುಮ್ಮನಾದೆವು.

ಆಮೇಲೆ ಗೆಳೆಯನೊಬ್ಬ, ಅವನೂ ವೈದ್ಯ, ಒಂದು ಮಾತು ಕೇಳಿದ: “ಗುಳಿಗೆ ಎರಡೂ ತಗೋತಾರೇನು?” ರಕ್ತ ತೆಳುವಾಗಿಸುವ ಎರಡು ಮಾತ್ರೆಗಳಲ್ಲಿ ಒಂದನ್ನು ಒಂದು ವರ್ಷದ ನಂತರ ನಿಲ್ಲಿಸಿದ್ದರು, ಲೋಹದ ಸ್ಟೆಂಟಿನ ರೂಢಿಯಂತೆ. ಕರಗುವ ಸ್ಟೆಂಟಿನವರಿಗೆ ಅದು ಪೂರ್ತಿ ಕರಗುವವರೆಗೂ ಎರಡನ್ನೂ ಮುಂದುವರಿಸುವುದು ಮೇಲೆಂದು ಕೆಲವು ತಜ್ಞರು ಹೇಳತೊಡಗಿದ್ದರು. ಅಂದರೆ ಹೇಳಿದ್ದರೆ ಮಾಡುವುದಕ್ಕೆ ಕೆಲಸ ಇತ್ತು. ಅಂಜಿಕೆಯಿಂದ ಅವರನ್ನು ಕಾಪಾಡುತ್ತಿದ್ದೇವೆ ಎಂದುಕೊಂಡ ನಾವು ಕಾಪಾಡಿದ್ದು ನಮ್ಮನ್ನೇ. ಸಹಿ ಹಾಕಿದವರು ನಾವು ತಾನೆ.

ಕೊನೆಗೆ ಹೇಳಿದೆವು. ಅಂಗಡಿಯಲ್ಲೇ, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ. ಮಾವ ಬಹಳ ಹೊತ್ತು ಮಾತಾಡಲಿಲ್ಲ. ಚೀಲದಿಂದ ನಾಲ್ಕು ಕಾಳು ತೆಗೆದು ಒಂದನ್ನು ಹಲ್ಲಿಗಿಟ್ಟು ಕಡಿದರು. ತೇವಾಂಶ ಅಳೆಯುವ ಯಂತ್ರ ಮೇಜಿನ ಮೇಲೇ ಇರುತ್ತದೆ, ನೂರಕ್ಕೆ ಹದಿನಾಲ್ಕು ದಾಟಿದರೆ ದರ ಇಳಿಯುತ್ತದೆ, ಆದರೂ ಮೊದಲು ಹಲ್ಲಿಗೇ ಕೇಳುವುದು ಅವರ ರೂಢಿ.

“ಏ ತಮ್ಮಾ, ಈ ಚೀಲದಾಗ ಹುಳಾ ಬಿದ್ದಾವು ಅಂತ ಹಮಾಲಗ ಗೊತ್ತಿತ್ತು, ಗುಮಾಸ್ತಗ ಗೊತ್ತಿತ್ತು, ಬಂಡಿ ಹೊಡಿಯಾವಗ ಗೊತ್ತಿತ್ತು. ಮಾಲಕಗ ಮಾತ್ರ ಗೊತ್ತಿದ್ದಿಲ್ಲ. ಇಂಥಾ ಅಂಗಡಿ ನಡೀತೈತೇನು?”

ಅವರಿಗೆ ಸ್ಟೆಂಟಿನ ಮೇಲೆ ಸಿಟ್ಟಿರಲಿಲ್ಲ. ಹೊಸ ಬೀಜ ಬಿತ್ತಿ ಬೆಳೆ ಕೈಕೊಟ್ಟದ್ದನ್ನು ಕಂಡ ಊರು ಅದು, ಹೊಸದು ಎಂದರೆ ಹೀಗೂ ಆಗುತ್ತದೆ ಎಂಬುದು ಅವರಿಗೆ ಗೊತ್ತು. ಅವರು ಕೇಳಿದ್ದು ಎರಡೇ. ಹೊಸದು ಅಂತ ಯಾಕೆ ಮೊದಲು ಹೇಳಲಿಲ್ಲ? ಕೆಟ್ಟಿತು ಅಂತ ಯಾಕೆ ಆಮೇಲೆ ಹೇಳಲಿಲ್ಲ? ಅದು ಗೋವಿನಜೋಳದಂಥದರಿಂದ ಆದದ್ದು ಎಂದಾಗ ಮಾತ್ರ ಅವರಿಗೆ ನಗೆ ಬಂತು. “ಹಂಗಾರ ಹಸೀದು ಇಟ್ಟಾರ, ಮುಗ್ಗು ಹಿಡಿದೈತಿ” ಅಂದರು.

ವೈದ್ಯನೀತಿಯ ಪುಸ್ತಕಗಳಲ್ಲಿ ಒಪ್ಪಿಗೆ ಎಂಬ ಮಾತಿಗೆ ದೊಡ್ಡ ಜಾಗವಿದೆ. ತಿಳಿಸಿ ಪಡೆದ ಒಪ್ಪಿಗೆ ಇರಬೇಕು ಎನ್ನುತ್ತಾರೆ. ಆದರೆ ಹೊಸ ವಸ್ತುವಿನ ವಿಷಯದಲ್ಲಿ ತಿಳಿಸಬೇಕಾದ ಮುಖ್ಯ ಸಂಗತಿಯೇ ಇನ್ನೂ ಹುಟ್ಟಿರುವುದಿಲ್ಲ. ಅದು ಮೂರು ವರ್ಷದ ನಂತರ, ಐದು ವರ್ಷದ ನಂತರ ಬರುತ್ತದೆ. ಹಾಗಾದರೆ ಒಪ್ಪಿಗೆಯ ಹಾಳೆಗೆ ಅರ್ಥ ಬರಬೇಕಾದರೆ ಅದು ಆಪರೇಷನ್ ಕೋಣೆಯ ಬಾಗಿಲಲ್ಲಿ ಮುಗಿಯುವ ಕಾಗದವಾಗಬಾರದು. ತಿಳಿದಂತೆ ತಿಳಿಸುತ್ತೇವೆ ಎಂಬ ಮಾತು ಅದರಲ್ಲಿರಬೇಕು, ಮತ್ತು ತಿಳಿಸಲು ವಿಳಾಸ ಇರಬೇಕು. ನಗಬೇಡಿ, ವಿಳಾಸವೇ ದೊಡ್ಡ ತೊಡಕು. 2010ರಲ್ಲಿ ಒಂದು ಬಗೆಯ ಕೃತಕ ಸೊಂಟದ ಕೀಲನ್ನು ಲೋಕದಾದ್ಯಂತ ಹಿಂದಕ್ಕೆ ಪಡೆದರು. ಭಾರತದಲ್ಲಿ ಅದನ್ನು ಹಾಕಿಸಿಕೊಂಡವರಲ್ಲಿ ಬಹುಪಾಲು ಜನರ ಪತ್ತೆಯೇ ಸಿಗಲಿಲ್ಲ. ವೈದ್ಯಕೀಯ ಸಾಧನಗಳಿಂದಾದ ತೊಂದರೆಯನ್ನು ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆ ನಮ್ಮಲ್ಲಿ ಶುರುವಾದದ್ದು 2015ರ ಜುಲೈನಲ್ಲಿ, ಅದರಲ್ಲಿ ಶ್ರೀ ಚಿತ್ರಾ ಸಂಸ್ಥೆಗೂ ಪಾತ್ರವಿದೆ. 2017ರ ಫೆಬ್ರುವರಿಯಲ್ಲಿ ಸರ್ಕಾರ ಸ್ಟೆಂಟುಗಳ ಬೆಲೆಗೆ ಕಡಿವಾಣ ಹಾಕಿತು, ಔಷಧಿ ಲೇಪಿಸಿದ್ದಕ್ಕೂ ಕರಗುವುದಕ್ಕೂ ಒಂದೇ ದರ, 29,600 ರೂಪಾಯಿ. ಕಡಿವಾಣದ ಬಗ್ಗೆ ಪರ ವಿರೋಧ ಬಹಳ ಕೇಳಿದ್ದೇನೆ. ನನಗೆ ಕಂಡ ಒಂದು ಲಾಭ ಇದು: ಹತ್ತು ನಿಮಿಷದ ಆ ನಿರ್ಧಾರದಲ್ಲಿ ದುಬಾರಿಯದೇ ಒಳ್ಳೆಯದು ಎಂಬ ತಕ್ಕಡಿ ಕೈಯಿಂದ ಜಾರಿತು.

ವಸ್ತುವನ್ನು ಇಟ್ಟು ಕಾಯುವ ಮಾತಾಯಿತು. ವಸ್ತುವನ್ನು ಕೊಡದೆ ಕಾಯಿಸುವುದೂ ಒಂದು ಪರೀಕ್ಷೆಯಾಗುತ್ತದೆ. ಅದು ನಡೆದದ್ದು ಹಾವೇರಿ ಇರುವ ಭಾಗದಲ್ಲೇ. 2010ರಲ್ಲಿ ರಾಜ್ಯ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ತಂದಿತು. ಬಡತನ ರೇಖೆಯ ಕೆಳಗಿನವರಿಗೆ ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಚಿಕಿತ್ಸೆ ದುಡ್ಡಿಲ್ಲದೆ. ಒಮ್ಮೆಲೇ ಎಲ್ಲ ಕಡೆ ಕೊಡುವ ಶಕ್ತಿ ಇರಲಿಲ್ಲ. ಮೊದಲು ಗುಲ್ಬರ್ಗ ವಿಭಾಗ, ಆಮೇಲೆ ಬೆಳಗಾವಿ ವಿಭಾಗ, ದಕ್ಷಿಣಕ್ಕೆ 2012ರಲ್ಲಿ. ಹಾವೇರಿ ಬೆಳಗಾವಿ ವಿಭಾಗದಲ್ಲಿದೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಿಂದ ತುಂಗಭದ್ರೆಯ ಸೇತುವೆ ದಾಟಿದರೆ ಹರಿಹರ, ಅದು ದಾವಣಗೆರೆ ಜಿಲ್ಲೆ, ಬೆಂಗಳೂರು ವಿಭಾಗ. ಹೊಳೆಯ ಎರಡೂ ದಂಡೆಯಲ್ಲಿ ಒಂದೇ ಮಾತು, ಒಂದೇ ಬೆಳೆ, ಕೊಟ್ಟು ತಂದ ಸಂಬಂಧ. ಆ ಎರಡು ವರ್ಷ ಈ ದಂಡೆಯ ಬಡವನ ಎದೆ ನೊಂದರೆ ಸರ್ಕಾರ ನೋಡುತ್ತಿತ್ತು, ಆ ದಂಡೆಯವನ ಎದೆ ನೊಂದರೆ ಅವನ ಹೊಲ ನೋಡಬೇಕಿತ್ತು.

ಇಂಥ ಗಡಿ ಸಂಶೋಧಕರಿಗೆ ಕಣ್ಣಿಗೆ ಬೀಳದೆ ಇರುವುದಿಲ್ಲ. ಯೋಜನೆ ಬಂದಿದ್ದ ಉತ್ತರದ 300 ಹಳ್ಳಿ, ಬಾರದಿದ್ದ ದಕ್ಷಿಣದ 272 ಹಳ್ಳಿ, ಎರಡನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂತು. ಬರೆದವರಲ್ಲಿ ಬೆಂಗಳೂರಿನ ಐಐಎಂನ ಅಧ್ಯಾಪಕರೂ ಇದ್ದರು. ಯೋಜನೆಗೆ ಸೇರಿದ ಕಾಯಿಲೆಗಳಿಂದಾದ ಸಾವು ಉತ್ತರದ ಬಡ ಕುಟುಂಬಗಳಲ್ಲಿ ಶೇ 0.32, ದಕ್ಷಿಣದಲ್ಲಿ ಶೇ 0.90. ಅಂದರೆ ಸಾವು ಶೇ 64ರಷ್ಟು ಕಡಿಮೆ.

ಎಂಥ ಒಳ್ಳೆಯ ಸುದ್ದಿ. ಯೋಜನೆ ಜೀವ ಉಳಿಸಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೆ? ಆದರೆ ಆ 0.90ರಲ್ಲಿ ಇರುವವರು ಯಾರು? ಸಂಶೋಧಕರು ಯಾರನ್ನೂ ಕಾಯಿಸಲಿಲ್ಲ, ನಡೆದುಹೋದದ್ದನ್ನು ಎಣಿಸಿದರು ಅಷ್ಟೆ. ಸರ್ಕಾರವೂ ಯಾರನ್ನೂ ಕೊಲ್ಲಲಿಲ್ಲ, ಇದ್ದ ದುಡ್ಡಿನಲ್ಲಿ ಹಿಂದುಳಿದ ಭಾಗಕ್ಕೆ ಮೊದಲು ಕೊಟ್ಟಿತು. ಆ ನ್ಯಾಯವನ್ನು ನಾನು ಒಪ್ಪುತ್ತೇನೆ, ಉತ್ತರದವನಾಗಿ ಅದರ ಫಲ ಉಂಡವನೂ ಹೌದು. ಆದರೂ ಹೊಳೆಯಾಚೆಯ ಆ ಜನ ತಮಗೇ ಗೊತ್ತಿಲ್ಲದೆ ಒಂದು ಸೆರೆಯಲ್ಲಿ ಕೂತು ಒಂದು ಸತ್ಯವನ್ನು ನಮಗೆ ಕೊಟ್ಟು ಹೋದರು. ದೊಡ್ಡ ಕಾಯಿಲೆಗೆ ಸರ್ಕಾರ ದುಡ್ಡು ಕೊಡಬೇಕು ಎಂದು ವಾದಿಸುವಾಗ ನಾವು ಎತ್ತಿ ತೋರಿಸಬಹುದಾದ ಅಂಕಿ ಅವರದು. ರಾಮಧಾನ್ಯದಲ್ಲಿ ಗೆದ್ದ ರಾಗಿಗೆ ಹೆಸರು ಸಿಕ್ಕಿತು. ಅಕ್ಕಿ ಕೆಟ್ಟದ್ದರಿಂದಲೇ ರಾಗಿಯ ಗುಣ ಗೊತ್ತಾದದ್ದು ಎಂಬ ಕಡೆಗೆ ನಾವು ನೋಡುವುದಿಲ್ಲ. ಆ ಅಕ್ಕಿಯಿಂದ ಕಲಿತವರು ಅದಕ್ಕೆ ಏನಾದರೂ ಕೊಡಬೇಕಿತ್ತು.

ಈಗ ಅಕ್ಕಿಯೇ ಮರಳಿ ಬಂದಿದೆ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ‘ನೇಚರ್’ ಪತ್ರಿಕೆಯಲ್ಲಿ ಒಂದು ಪೇಸ್‌ಮೇಕರ್ ಬಗ್ಗೆ ಬರೆದರು. 3.5 ಮಿಲಿಮೀಟರ್ ಉದ್ದ, 1.8 ಅಗಲ, 1 ದಪ್ಪ, ಅಕ್ಕಿ ಕಾಳಿಗಿಂತ ಚಿಕ್ಕದು. ಸಿರಿಂಜಿನ ಸೂಜಿಯಲ್ಲಿ ತೂರುತ್ತದೆ. ದೇಹದ ದ್ರವವೇ ಅದರ ಬ್ಯಾಟರಿಗೆ ನೀರು. ಎದೆಯ ಮೇಲೆ ಅಂಟಿಸಿದ ಪಟ್ಟಿಯೊಂದು ಚರ್ಮದ ಮೂಲಕ ಬೆಳಕು ಮಿನುಗಿಸಿ ಅದಕ್ಕೆ ಬಡಿ ಎಂದು ಹೇಳುತ್ತದೆ. ಕೆಲಸ ಮುಗಿದ ಮೇಲೆ ಕರಗುತ್ತದೆ. ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿರುವ ಹಸುಗೂಸುಗಳಿಗೆ ಶಸ್ತ್ರಚಿಕಿತ್ಸೆಯ ನಂತರ ಒಂದು ವಾರದ ಆಸರೆ ಬೇಕಾಗುತ್ತದೆ, ಅದಕ್ಕೆಂದು ಇದು. ಈಗಿನ ಪದ್ಧತಿಯಲ್ಲಿ ಹೃದಯಕ್ಕೆ ತಂತಿ ಹೊಲಿದು, ಆಮೇಲೆ ಎಳೆದು ತೆಗೆಯಬೇಕು. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ 2012ರಲ್ಲಿ ತೀರಿಕೊಂಡದ್ದು ಅಂಥ ತಂತಿ ತೆಗೆದ ನಂತರದ ರಕ್ತಸ್ರಾವದಿಂದ.

ಕೆಡುವುದೇ ಇಲ್ಲಿ ಗುಣ. ಸರಿಯಾದ ದಿನಕ್ಕೆ ಕೆಡಬೇಕು, ಒಂದು ದಿನ ಮೊದಲೂ ಅಲ್ಲ. ಪ್ರಾಣಿಗಳಲ್ಲಿ, ಅಂಗದಾನಿಗಳ ಹೃದಯಗಳಲ್ಲಿ ನೋಡಿದ್ದಾರೆ. ಒಂದು ದಿನ ಯಾರದೋ ಹಸುಗೂಸಿನ ಎದೆಯಲ್ಲಿ ಮೊದಲ ಸಲ ಇಡಬೇಕಾಗುತ್ತದೆ. ಆ ಕೂಸಿಗೆ ಮಾತು ಬರುವುದಿಲ್ಲ. ಹೊರಗೆ ಬೆಂಚಿನ ಮೇಲೆ ಅದರ ಅಪ್ಪನೋ ಸೋದರಮಾವನೋ ಕೂತಿರುತ್ತಾನೆ, ಹಸಿರು ಅಂಗಿಯವನೊಬ್ಬ ಹಾಳೆ ತಂದಿರುತ್ತಾನೆ. ಇಡಬಾರದೆಂದು ನಾನು ಹೇಳಲಾರೆ, ಹಾಗೆಂದವರ ಮಾತು ಕೇಳಿದ್ದರೆ ಚಿತ್ರಾ ಕವಾಟವೂ ಇರುತ್ತಿರಲಿಲ್ಲ. ಕರಗುವ ಸ್ಟೆಂಟಿನ ವಸ್ತುವೂ ಪೂರ್ತಿ ಸೋತಿಲ್ಲ. ಎಳೆ ತೆಳುವಾಗಿ, 2024ರಲ್ಲಿ ಕಾಲಿನ ರಕ್ತನಾಳಗಳಿಗೆಂದು ಅಮೆರಿಕದಲ್ಲಿ ಅನುಮತಿ ಪಡೆದಿದೆ. ಹೃದಯದಲ್ಲಿ ಹಾಕಿಸಿಕೊಂಡು ಮೂರು ವರ್ಷ ದಾಟಿದವರಲ್ಲಿ ಅಪಾಯ ಲೋಹದವರಷ್ಟಕ್ಕೇ ಇಳಿದದ್ದೂ ಕಂಡಿದೆ. ಮಾವ ಆ ಲೆಕ್ಕದವರು. ಈಗ ಅವರ ಎದೆಯಲ್ಲಿ ಆ ಗೋವಿನಜೋಳ ಉಳಿದಿಲ್ಲ.

ಸ್ಟೆಂಟಿನ ಕಾರ್ಡು ಮಾತ್ರ ಇದೆ, ಅಂಗಡಿಯ ತಿಜೋರಿಯಲ್ಲಿ, ತೂಕದ ಕಲ್ಲುಗಳ ಪಕ್ಕದಲ್ಲಿ. ಹೋದ ದೀಪಾವಳಿಗೆ ಲೆಕ್ಕದ ಪುಸ್ತಕದ ಪೂಜೆ ಮುಗಿದ ಮೇಲೆ ಅದನ್ನು ತೆಗೆದು ನನ್ನ ಕೈಗಿಟ್ಟರು. “ಇದರ ಮ್ಯಾಲಿನ ಫೋನ್ ನಂಬರ್ ನಮ್ದು ಹಳೇದು. ಆ ದವಾಖಾನಿಯವರಿಗೆ ಹೊಸಾ ನಂಬರ್ ಬರಿಸಿ ಬಿಡು.”

ಫೋನ್ ಹಚ್ಚಿದೆ. ಮೂರು ಕಡೆ ತಿರುಗಿಸಿದ ಮೇಲೆ ಒಬ್ಬ ಹುಡುಗಿ ಎತ್ತಿದಳು. ಹತ್ತು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು, ನಂಬರ್ ಬದಲಾಗಿದೆ, ಬರೆದುಕೊಳ್ಳಿ ಎಂದೆ. ಅವಳು ಸ್ವಲ್ಪ ಹೊತ್ತು ಏನನ್ನೋ ಹುಡುಕಿದಳು. ಆಮೇಲೆ ಬಹಳ ಸೌಜನ್ಯದಿಂದ ಕೇಳಿದಳು, “ಅಪಾಯಿಂಟ್‌ಮೆಂಟ್ ಬೇಕೇನ್ರಿ ಸರ್?”